ಅಜ್ಜನ ಲೆಡ್ಜರ್: ಬೆಂಗಾವಲಿಗೆ ಹೋದ ‘ತ್ರಿಶೂಲ್’

ಮಕ್ಕಳೇ, ಮತ್ತು ಮಕ್ಕಳಿಗೆ ಇದನ್ನು ಓದಿ ಹೇಳುವ ಅಜ್ಜ-ಅಜ್ಜಿಯರೇ,

ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನೀರಿನ ಮೇಲೆ ನಾನು ಹೋದದ್ದೆಂದರೆ ಹೊಳೆಬಾಗಿಲಿನ ಲಾಂಚ್‌ನಲ್ಲಿ ಮಾತ್ರ. ಸಿಗಂದೂರಿಗೆ ಹೋಗುವಾಗ ಬಸ್ಸು, ಜೀಪು, ದನಕರುಗಳ ಜೊತೆ ಆ ಲಾಂಚ್ ಹತ್ತಿ, ಶರಾವತಿ ಹಿನ್ನೀರು ದಾಟಿ, ಕಳಸವಳ್ಳಿಯಲ್ಲಿ ಇಳಿದರೆ ನನ್ನ ಸಮುದ್ರಯಾನ ಮುಗಿಯಿತು. 2025ರಲ್ಲಿ ಅಲ್ಲಿ ದೊಡ್ಡ ಸೇತುವೆಯೂ ಆಗಿ, ಇದ್ದ ಒಂದು ಯಾನವೂ ಹೋಯಿತು. ಇಂಥವನು ಈ ವಾರ ಯುದ್ಧದ ಹಡಗಿನ ಕಥೆ ಹೇಳಲು ಕೂತಿದ್ದೇನೆ. ತಪ್ಪು ನನ್ನದಲ್ಲ, ಮೊಮ್ಮಗನದು.

ಅವನ ಶಾಲೆಯಲ್ಲಿ ಡಿಸೆಂಬರ್ 4ರ ನೌಕಾಪಡೆ ದಿನಕ್ಕೆ ಭಾಷಣ ಸ್ಪರ್ಧೆ. ಒಬ್ಬೊಬ್ಬರಿಗೆ 3 ನಿಮಿಷ. ಅವನು ಜಗಲಿಯ ಮೇಲೆ ಪುಸ್ತಕ ಹರಡಿಕೊಂಡು ಕೂತಿದ್ದ. ನಾನು ಅಡಿಕೆ ಕತ್ತರಿಸುತ್ತಾ ಕೇಳಿದೆ, “ಯಾವ ಹಡಗಿನ ಬಗ್ಗೆ ಮಾತಾಡ್ತೀಯ?”

“ವಿನಾಶ್. ಕರಾಚಿಗೆ ಹೋಗಿ ನಾಲ್ಕೇ ಕ್ಷಿಪಣಿ ಬಿಟ್ಟು ಬಂದಿದ್ದು.”

“ಅದರ ಜೊತೆ ಹೋದ ಹಡಗು ಯಾವುದು ಗೊತ್ತುಂಟೋ?”

ಪುಸ್ತಕ ನೋಡಿ ಹೇಳಿದ. “ತಲ್ವಾರ್, ತ್ರಿಶೂಲ್. ಬೆಂಗಾವಲಿಗೆ ಹೋಗಿದ್ವು ಅಂತ ಒಂದೇ ಸಾಲು ಇದೆ. ಅಜ್ಜ, ತ್ರಿಶೂಲ್ ಎಷ್ಟು ಹಡಗು ಮುಳುಗಿಸ್ತು?”

“ಆ ರಾತ್ರಿ ಅದರ ಕೆಲಸ ಮುಳುಗಿಸೋದಲ್ಲ ಮರಿ.”

“ಹಾಗಾದ್ರೆ ಮತ್ತೆ ಯಾಕೆ ಹೋಗಿತ್ತು?”

ಈ ಪ್ರಶ್ನೆಗೆ ಉತ್ತರ ಹೇಳಲು ನನಗೆ ಒಂದು ಸಂಜೆ ಹಿಡಿಯಿತು. ನಿಮಗೂ ಅದನ್ನೇ ಹೇಳುತ್ತೇನೆ.

ಬೆಂಗಾವಲು ಅಂದರೆ ಬೆನ್ನಿನ ಕಾವಲು. ದಿಬ್ಬಣದ ಹೆಣ್ಣಿನ ಜೊತೆ ಹಿಂದಿನ ಕಾಲದಲ್ಲಿ ಕೋವಿ ಹಿಡಿದ ಒಬ್ಬಿಬ್ಬರು ನಡೆದು ಬರುತ್ತಿದ್ದರಂತೆ. ಘಟ್ಟದ ಕಾಡು, ಹುಲಿ-ಕಳ್ಳರ ಭಯ. ಸಮುದ್ರದಲ್ಲೂ ಹಾಗೆಯೇ. ಎರಡನೇ ಮಹಾಯುದ್ಧದಲ್ಲಿ ಅಕ್ಕಿ, ಎಣ್ಣೆ, ಸೈನಿಕರನ್ನು ಹೊತ್ತ ಸರಕು ಹಡಗುಗಳು ಒಂಟಿಯಾಗಿ ಹೋದರೆ ನೀರಿನ ಅಡಿಯಿಂದ ಸಬ್‌ಮರೀನ್‌ಗಳು ಹೊಡೆದು ಮುಳುಗಿಸುತ್ತಿದ್ದವು. ಅದಕ್ಕೇ ಹಲವು ಹಡಗುಗಳನ್ನು ಹಿಂಡು ಕಟ್ಟಿ ಕಳಿಸಿ, ಸುತ್ತ ಮುತ್ತ ಸಣ್ಣ ಯುದ್ಧನೌಕೆಗಳನ್ನು ಕಾವಲಿಗೆ ಇಡುತ್ತಿದ್ದರು. ಅಂಥ ಕಾವಲಿಗೆಂದೇ ಕಟ್ಟಿದ ಒಂದು ಬಗೆಯ ಹಡಗು ಫ್ರಿಗೇಟ್. ನಮ್ಮ ಕಾವೇರಿ ನದಿಯ ಹೆಸರಿನದ್ದೂ ಒಂದಿತ್ತು. 1943ರಲ್ಲಿ ಸ್ಕಾಟ್ಲೆಂಡಿನಲ್ಲಿ ಕಟ್ಟಿದ ‘ಕಾವೇರಿ’ ಹಿಂದೂ ಮಹಾಸಾಗರದಲ್ಲಿ ಹಡಗುಗಳ ಹಿಂಡು ಕಾಯ್ದು, ಸ್ವಾತಂತ್ರ್ಯದ ನಂತರ ಭಾರತದ ನೌಕಾಪಡೆಯಲ್ಲೇ ಉಳಿದು, ಫ್ರಿಗೇಟ್ ಅನ್ನಿಸಿಕೊಂಡಿತು.

ತ್ರಿಶೂಲ್ ಇದಕ್ಕಿಂತ ಹೊಸದು, ದೊಡ್ಡದು. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಹಾರ್ಲೆಂಡ್ ಆಂಡ್ ವುಲ್ಫ್ ಎಂಬ ಕಂಪನಿ ಅದನ್ನು ಕಟ್ಟಿತು. ಈ ಹೆಸರು ಕೇಳಿದ ಕೂಡಲೇ ಮೊಮ್ಮಗ ಎದ್ದು ಕೂತ. “ಟೈಟಾನಿಕ್ ಕಟ್ಟಿದ್ರಲ್ಲ, ಅವರೇನಾ?” ಹೌದು, ಅವರೇ. ಟೈಟಾನಿಕ್ 1912ರಲ್ಲಿ ಮೊದಲ ಪ್ರಯಾಣದಲ್ಲೇ ಮುಳುಗಿತು. ನಮ್ಮ ತ್ರಿಶೂಲ್ 1960ರಲ್ಲಿ ನೌಕಾಪಡೆ ಸೇರಿ, ಎರಡು ಕಾರ್ಯಾಚರಣೆಗಳಲ್ಲಿ ಗುಂಡಿನ ಎದುರು ಹೋಗಿ, ಮನೆಗೆ ಬಂತು. ಉದ್ದ ಸುಮಾರು 370 ಅಡಿ. ವೇಗ ಗಂಟೆಗೆ ಸುಮಾರು 30 ನಾಟ್, ಅಂದರೆ ನಮ್ಮ ಲೆಕ್ಕದಲ್ಲಿ 55 ಕಿ.ಮೀ. ಸಾಗರದಿಂದ ಹೊಸನಗರಕ್ಕೆ ಬಸ್ಸೂ ಅಷ್ಟು ಓಡುವುದಿಲ್ಲ. ಮುಂಭಾಗದಲ್ಲಿ ಜೋಡಿ ಫಿರಂಗಿ, ಹಿಂದೆ ನೀರಿನೊಳಗಿನ ಸಬ್‌ಮರೀನಿಗೆ ಸಿಡಿಗುಂಡು ಎಸೆಯುವ ಯಂತ್ರ. ತಲ್ವಾರ್ ಇದರದ್ದೇ ಜೋಡಿ ಹಡಗು.

ಇನ್ನು ನನ್ನ ಕಥೆ ಸ್ವಲ್ಪ ನಡುವೆ ಬರುತ್ತದೆ, ಸಹಿಸಿಕೊಳ್ಳಿ.

1961ರ ಡಿಸೆಂಬರ್. ನನಗೆ 11 ವರ್ಷ. ಹೊಸನಗರ ತಾಲೂಕಿನ ನಮ್ಮ ಹಳ್ಳಿ ಶಾಲೆಗೆ ಪತ್ರಿಕೆ ಎರಡು ದಿನ ತಡವಾಗಿ ಬರುತ್ತಿತ್ತು. ಆ ಕಡೆ ಲಿಂಗನಮಕ್ಕಿ ಅಣೆಕಟ್ಟು ಏಳುತ್ತಿದ್ದ ಕಾಲ. ದೊಡ್ಡವರ ಬಾಯಲ್ಲಿ ಯಾರ ಮನೆ ಮುಳುಗುತ್ತದೆ, ಯಾರ ತೋಟ ಉಳಿಯುತ್ತದೆ ಎಂಬುದೇ ಮಾತು. ಅದರ ನಡುವೆ ಒಂದು ಬೆಳಿಗ್ಗೆ ಹೆಡ್‌ಮಾಸ್ಟರು ಪತ್ರಿಕೆ ಹಿಡಿದುಕೊಂಡು ಬಂದು, “ಗೋವಾ ನಮ್ಮದಾಯಿತು ಮಕ್ಕಳೇ” ಎಂದರು. 450 ವರ್ಷ ಅಲ್ಲಿ ಪೋರ್ಚುಗೀಸರ ಆಡಳಿತ ಇತ್ತು, ಈಗ ಹೋಯಿತು ಎಂದರು. ಎಲ್ಲರ ಕೈಗೂ ಒಂದೊಂದು ಪೆಪ್ಪರ್‌ಮಿಂಟು. ಜೈಕಾರ ಹಾಕುತ್ತಾ ಊರು ಸುತ್ತಿದೆವು. ನನ್ನ ಗಂಟಲು ಎರಡು ದಿನ ಬಿದ್ದುಹೋಗಿತ್ತು. ಯಾರೂ ಸಾಯದೆ ಗೆದ್ದ ಗೆಲುವು ಅಂತಲೇ ನಾನು ನಂಬಿದ್ದೆ. ಹಾಗೆ ಯಾರೂ ಹೇಳಿರಲಿಲ್ಲ, ನಾನೇ ಅಂದುಕೊಂಡದ್ದು.

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ನನ್ನನ್ನು ಎರಡು ವರ್ಷ ಕಾರವಾರಕ್ಕೆ ಹಾಕಿದ್ದರು. ಅಲ್ಲಿಂದ ಅಂಕೋಲೆ ಕಡೆ ಬಸ್ಸಿನಲ್ಲಿ ಹೋಗುವಾಗ ಬಿಣಗಾ ಹತ್ತಿರ ಬಲಗಡೆಗೆ ನೋಡಿದರೆ ಸಮುದ್ರದಲ್ಲಿ ಒಂದು ಉದ್ದನೆಯ ಗುಡ್ಡ ಮಲಗಿದಂತೆ ಕಾಣುತ್ತಿತ್ತು. ಅದೇ ಅಂಜದೀವ್ ದ್ವೀಪ. ಒಂದೂವರೆ ಕಿಲೋಮೀಟರ್ ಉದ್ದ ಇರಬಹುದು. 1498ರಲ್ಲಿ ವಾಸ್ಕೋ ಡ ಗಾಮ ಅಲ್ಲಿ ಇಳಿದಿದ್ದ. 1505ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿದರು. ದ್ವೀಪ ಇರುವುದು ನಮ್ಮ ಕಾರವಾರದ ಮುಂದೆ, ಸೇರಿರುವುದು ಗೋವಾಕ್ಕೆ. ಇದೇನು ವಿಚಿತ್ರ ಲೆಕ್ಕ ಎಂದು ಅಲ್ಲಿನ ಗ್ರಂಥಾಲಯದಲ್ಲಿ ಹುಡುಕಿ ಓದಿದಾಗ ನನ್ನ ಪೆಪ್ಪರ್‌ಮಿಂಟಿನ ಸಿಹಿ ಇಳಿಯಿತು.

1961ರ ನವೆಂಬರ್ 17ರಂದು ‘ಸಾಬರಮತಿ’ ಎಂಬ ಹಡಗು ದ್ವೀಪದ ಪಕ್ಕದಲ್ಲಿ ಹಾದುಹೋಗುವಾಗ ಅಲ್ಲಿದ್ದ ಪೋರ್ಚುಗೀಸ್ ಸೈನಿಕರು ಗುಂಡು ಹಾರಿಸಿದರು. ಹಡಗಿನ ಎಂಜಿನಿಯರ್ ಗಾಯಗೊಂಡರು. ಕೆಲವೇ ದಿನಗಳಲ್ಲಿ ಒಂದು ಮೀನುಗಾರರ ದೋಣಿಗೂ ಗುಂಡು ಹೊಡೆದರು. ಒಬ್ಬ ಮೀನುಗಾರ ಸತ್ತ. ಬೆಳಿಗ್ಗೆ ಬಲೆ ಹಿಡಿದು ಮನೆಯಿಂದ ಹೊರಟ ಮನುಷ್ಯ. ಅಲ್ಲಿಯವರೆಗೆ ದೆಹಲಿಯಲ್ಲಿ ಮಾತುಕತೆಯ ವಿಷಯವಾಗಿದ್ದ ಗೋವಾ, ಅಲ್ಲಿಂದ ಮುಂದೆ ಹಡಗುಗಳ ವಿಷಯವಾಯಿತು.

ಡಿಸೆಂಬರ್ 18ರ ಬೆಳಗಿನ ಜಾವ ಅಂಜದೀವ್ ಹಿಡಿಯುವ ಕೆಲಸ ಎರಡು ಹಡಗುಗಳಿಗೆ ಬಿತ್ತು. ಒಂದು ನಮ್ಮ ರಾಜ್ಯದ ಆಗಿನ ಹೆಸರನ್ನೇ ಹೊತ್ತ, ಲಾಂಛನದಲ್ಲಿ ಗಂಡಭೇರುಂಡ ಇದ್ದ ದೊಡ್ಡ ಕ್ರೂಸರ್ ‘ಮೈಸೂರ್’. ಇನ್ನೊಂದು, ಸೇವೆಗೆ ಸೇರಿ ಎರಡು ವರ್ಷವೂ ತುಂಬದ ತ್ರಿಶೂಲ್. ದ್ವೀಪದಲ್ಲಿ ಇಳಿಯಬೇಕಾದವರು ಭೂಸೇನೆಯ ಸೈನಿಕರಲ್ಲ, ಹಡಗಿನಲ್ಲಿ ಕೆಲಸ ಮಾಡುವ ನಾವಿಕರೇ. ಅವರ ಮುಂದಾಳು ಲೆಫ್ಟಿನೆಂಟ್ ಅರುಣ್ ಆಡಿಟ್ಟೋ. ಮೊದಲ ತಂಡ ದೋಣಿಯಲ್ಲಿ ಹೋಗಿ ಇಳಿಯಿತು. ಏನೂ ಆಗಲಿಲ್ಲ. ಎರಡನೇ ತಂಡ ದಡ ಮುಟ್ಟುವ ಮೊದಲೇ ಮೇಲಿನಿಂದ ಮೆಷಿನ್ ಗನ್ ಶುರುವಾಯಿತು.

ಯೋಚನೆ ಮಾಡಿ ನೋಡಿ. ತೆರೆದ ದೋಣಿ. ಸುತ್ತ ನೀರು. ಬಗ್ಗಿ ಅಡಗಲು ಒಂದು ಮರವಿಲ್ಲ, ಬಂಡೆಯಿಲ್ಲ. ಹಿಂದೆ ನಿಂತ ಮೈಸೂರ್ ಮತ್ತು ತ್ರಿಶೂಲ್ ಫಿರಂಗಿಯಿಂದ ಗುಡ್ಡದ ಮೇಲೆ ಹೊಡೆದವು. ಆದರೆ ತಮ್ಮವರೇ ದ್ವೀಪದ ಮೇಲೆ ಇರುವಾಗ ಮನಸ್ಸಿಗೆ ಬಂದಂತೆ ಹೊಡೆಯುವ ಹಾಗಿಲ್ಲ. ಮಧ್ಯಾಹ್ನದ ಹೊತ್ತಿಗೆ ದ್ವೀಪದ ಬಹುಪಾಲು ಕೈಗೆ ಬಂತು, ಅಡಗಿದ್ದ ಉಳಿದವರು ಮರುದಿನ ಶರಣಾದರು. ಲೆಕ್ಕ ಹಾಕಿದಾಗ ನಮ್ಮ 7 ನಾವಿಕರು ಸತ್ತಿದ್ದರು. ಗಾಯಗೊಂಡವರು 2 ಅಧಿಕಾರಿಗಳು, 17 ನಾವಿಕರು. ಸತ್ತವರ ನೆನಪಿಗೆ ಗೋವಾದ ಐಎನ್‌ಎಸ್ ಗೋಮಂತಕ್ ನೌಕಾನೆಲೆಯಲ್ಲಿ ಸ್ಮಾರಕ ಇದೆ.

ನಮ್ಮ ಶಾಲೆಯಿಂದ ಅಂಜದೀವ್‌ಗೆ ನೇರ ಗೆರೆ ಎಳೆದರೆ ನೂರೈವತ್ತು ಕಿಲೋಮೀಟರೂ ಆಗದು. ನಾನು ಪೆಪ್ಪರ್‌ಮಿಂಟು ಚೀಪುತ್ತಿದ್ದಾಗ ಏಳು ಮನೆಗಳಿಗೆ ತಂತಿ ಹೋಗಿರಬೇಕು. ಹೆಡ್‌ಮಾಸ್ಟರ ತಪ್ಪೇನಿಲ್ಲ. ಗೆದ್ದ ಸುದ್ದಿ ದೊಡ್ಡ ಅಕ್ಷರದಲ್ಲಿ ಬರುತ್ತದೆ.

ಇಷ್ಟು ಹೇಳುವಾಗ ಮೊಮ್ಮಗ ಪೆನ್ನು ಕೆಳಗಿಟ್ಟು ಕೇಳಿದ, “ಇದು ಕಾವಲು ಹೇಗಾಯ್ತು ಅಜ್ಜ? ಏಳು ಜನ ಸತ್ತೇಹೋದ್ರಲ್ಲ.” ಸರಿಯಾದ ಮಾತೇ. ಕಾವಲಿದ್ದರೆ ಏನೂ ಆಗುವುದಿಲ್ಲ ಎಂದು ಯಾರೂ ಬರೆದುಕೊಟ್ಟಿಲ್ಲ ಎಂದೆ. ಕಾವಲಿರದಿದ್ದರೆ ಏಳು ಎಷ್ಟಾಗುತ್ತಿತ್ತೋ. ಅವನಿಗೆ ಈ ಉತ್ತರ ಅಷ್ಟೇನೂ ಹಿಡಿಸಲಿಲ್ಲ. ನನಗೂ ಅಷ್ಟೆ.

ಹತ್ತು ವರ್ಷ ಕಳೆದು 1971ರ ಡಿಸೆಂಬರ್. ನಾನು ಬಿ.ಕಾಂ. ಮುಗಿಸಿ ಕೆಲಸಕ್ಕೆ ಅರ್ಜಿ ಹಾಕುತ್ತಾ ಮನೆಯಲ್ಲಿದ್ದೆ. ಸಂಜೆಯಾದರೆ ನಮ್ಮ ಜಗಲಿಯ ಮೇಲೆ ಹತ್ತಿಪ್ಪತ್ತು ಜನ, ನಡುವೆ ಒಂದು ರೇಡಿಯೋ. ಭದ್ರಾವತಿ ಆಕಾಶವಾಣಿ ಹಾಕಿಕೊಂಡು ವಾರ್ತೆಗೆ ಕಾಯುತ್ತಿದ್ದೆವು. ಡಿಸೆಂಬರ್ 4ರ ರಾತ್ರಿ ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ಪುಟ್ಟ ಕ್ಷಿಪಣಿ ದೋಣಿಗಳು ಕರಾಚಿಯ ಮುಂದೆ ಪಾಕಿಸ್ತಾನದ ಹಡಗುಗಳನ್ನು ಹೊಡೆದವು. ಆ ದಿನವೇ ಈಗಿನ ನೌಕಾಪಡೆ ದಿನ. ನಾಲ್ಕು ದಿನ ಬಿಟ್ಟು, 8ರ ರಾತ್ರಿ, ಎರಡನೇ ದಾಳಿ. ಅದಕ್ಕೆ ಆಪರೇಷನ್ ಪೈಥಾನ್ ಎಂದು ಹೆಸರು. ಈ ಸಲ ಕ್ಷಿಪಣಿ ದೋಣಿ ಒಂದೇ, ವಿನಾಶ್. ಜೊತೆಗೆ ತಲ್ವಾರ್, ತ್ರಿಶೂಲ್.

ವಿನಾಶ್ ಎಷ್ಟು ದೊಡ್ಡದು ಎಂದು ನೋಡಬೇಕಾದರೆ ಕಾರವಾರದ ಟ್ಯಾಗೋರ್ ಕಡಲತೀರಕ್ಕೆ ಹೋಗಿ. ಅಲ್ಲಿ ‘ಚಾಪಲ್’ ಎಂಬ ಕ್ಷಿಪಣಿ ದೋಣಿಯನ್ನು ಮರಳಿನ ಮೇಲೆ ವಸ್ತುಸಂಗ್ರಹಾಲಯ ಮಾಡಿ ನಿಲ್ಲಿಸಿದ್ದಾರೆ. ಅದು 1971ರ ಯುದ್ಧ ಮುಗಿದ ಮೇಲೆ ಬಂದದ್ದು, ಆದರೆ ಜಾತಿ ಅದೇ, ರಷ್ಯಾದ್ದೇ. ಮೆಟ್ಟಿಲು ಹತ್ತಿ ಒಳಗೆ ಹೋದರೆ ತಲೆ ತಗ್ಗಿಸಿ ನಡೆಯಬೇಕು. ಅಂಥ ಮೂರು ದೋಣಿ ಸಾಲಾಗಿ ಇಟ್ಟರೆ ಒಂದು ತ್ರಿಶೂಲ್. ದಡದ ಹತ್ತಿರ ಓಡಾಡಲು ಮಾಡಿದ ದೋಣಿ ಅದು. ಬಹಳ ದೂರ ಹೋಗಲಾರದು, ದೂರದಲ್ಲಿ ಯಾರು ಬರುತ್ತಿದ್ದಾರೆಂದು ದೊಡ್ಡ ಹಡಗಿನ ಹಾಗೆ ನೋಡಲಾರದು, ನೀರಿನ ಅಡಿಯ ಸಬ್‌ಮರೀನ್ ಹುಡುಕಲಾರದು. ಕೈಯಲ್ಲಿ ನಾಲ್ಕು ಬ್ರಹ್ಮಾಸ್ತ್ರ, ಆದರೆ ಕತ್ತಲೆಯಲ್ಲಿ ಒಬ್ಬನೇ ಹೋಗಲಾಗದ ಹುಡುಗ ಎನ್ನಿ.

ಕರಾಚಿ ಹತ್ತಿರವಾಗುತ್ತಿತ್ತು. ಮೊದಲ ದಾಳಿಯಿಂದ ಏಟು ತಿಂದ ಊರು, ಎಚ್ಚರವಾಗಿತ್ತು. ತ್ರಿಶೂಲ್‌ನಲ್ಲಿ ಎದುರಾಳಿಯ ರಾಡಾರ್ ಸದ್ದು ಹಿಡಿಯುವ ಯಂತ್ರವಿತ್ತು. ರಾಡಾರ್ ಅಂದರೆ ಕಣ್ಣಿಗೆ ಕಾಣದ ಟಾರ್ಚು ಎಂದು ತಿಳಿಯಿರಿ. ಅದು ಗಿರಗಿರ ತಿರುಗುತ್ತಾ ಎಲ್ಲಾ ದಿಕ್ಕಿಗೂ ಬೆಳಕು ಬಿಡುತ್ತಿರುತ್ತದೆ. ರಾತ್ರಿ ತೋಟಕ್ಕೆ ಹಂದಿ ಬಂತೆಂದು ನಾವು ಟಾರ್ಚು ಆಚೀಚೆ ಆಡಿಸುತ್ತೇವಲ್ಲ, ಹಾಗೆ. ಹಂದಿಯ ಕಣ್ಣು ಹೊಳೆದ ಕೂಡಲೇ ಏನು ಮಾಡುತ್ತೇವೆ? ಟಾರ್ಚನ್ನು ಅಲ್ಲೇ ನಿಲ್ಲಿಸುತ್ತೇವೆ. ಆ ರಾತ್ರಿ ತಿರುಗುತ್ತಿದ್ದ ಕರಾಚಿಯ ರಾಡಾರ್ ತಿರುಗುವುದನ್ನು ನಿಲ್ಲಿಸಿ ನೆಟ್ಟಗೆ ಇವರ ಕಡೆಗೇ ನಿಂತುಬಿಟ್ಟಿತು. ತ್ರಿಶೂಲ್ ಇದನ್ನು ಹಿಡಿಯಿತು: ನಮ್ಮನ್ನು ನೋಡಿಬಿಟ್ಟಿದ್ದಾರೆ.

ಇದನ್ನು ಓದಿದಾಗಲೆಲ್ಲ ನನ್ನ ಬೆನ್ನು ತಣ್ಣಗಾಗುತ್ತದೆ. ಆಗ ವಾಪಸು ಹೊರಟಿದ್ದರೂ ಯಾರೂ ಬಯ್ಯುತ್ತಿರಲಿಲ್ಲ. ಹೊರಡಲಿಲ್ಲ. ರಾತ್ರಿ ಸುಮಾರು 11ಕ್ಕೆ, 12 ನಾಟಿಕಲ್ ಮೈಲು ದೂರದಿಂದ, ಲೆಫ್ಟಿನೆಂಟ್ ಕಮಾಂಡರ್ ವಿಜಯ್ ಜೆರಾತ್ ಅವರ ವಿನಾಶ್ ಒಂದರ ಹಿಂದೆ ಒಂದರಂತೆ ನಾಲ್ಕು ಕ್ಷಿಪಣಿ ಬಿಟ್ಟಿತು. ಒಂದು ಕೆಮಾರಿಯ ಎಣ್ಣೆ ಟ್ಯಾಂಕುಗಳಿಗೆ ಬಿತ್ತು. ಇನ್ನೊಂದು ಪನಾಮಾ ದೇಶದ ‘ಗಲ್ಫ್ ಸ್ಟಾರ್’ ಹಡಗಿಗೆ, ಉಳಿದವು ಪಾಕಿಸ್ತಾನ ನೌಕಾಪಡೆಯ ‘ಢಾಕಾ’ಕ್ಕೆ ಮತ್ತು ಬ್ರಿಟನ್ನಿನ ‘ಹರ್ಮಟ್ಟನ್’ ಎಂಬ ಸರಕು ಹಡಗಿಗೆ. ಪನಾಮಾಕ್ಕೂ ಬ್ರಿಟನ್ನಿಗೂ ಈ ಯುದ್ಧದಲ್ಲಿ ಏನೂ ಸಂಬಂಧವಿರಲಿಲ್ಲ ಎಂಬುದನ್ನೂ ಮಕ್ಕಳಿಗೆ ಹೇಳಬೇಕು. ಕ್ಷಿಪಣಿ ಹಡಗಿನ ಬಾವುಟ ನೋಡುವುದಿಲ್ಲ. ನಾಲ್ಕೂ ಬಿಟ್ಟ ಮೇಲೆ ವಿನಾಶ್‌ನ ಕೈ ಖಾಲಿ. ಮೂರೂ ಹಡಗುಗಳು ತಿರುಗಿ ಓಡಿ, ಸುರಕ್ಷಿತವಾಗಿ ಬಂದವು.

ಮರುದಿನವೇ, ಡಿಸೆಂಬರ್ 9ರ ರಾತ್ರಿ, ಇನ್ನೊಂದು ಫ್ರಿಗೇಟ್ ಖುಕ್ರಿ, ಗುಜರಾತಿನ ಪಕ್ಕದ ದೀವ್ ಬಳಿ ಸಬ್‌ಮರೀನ್ ಹುಡುಕುತ್ತಿತ್ತು. ಪಾಕಿಸ್ತಾನದ ಸಬ್‌ಮರೀನ್ ಹಂಗೋರ್ ಅದನ್ನು ಮೊದಲು ಕಂಡಿತು. ಖುಕ್ರಿ ಕೆಲವೇ ನಿಮಿಷದಲ್ಲಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ಆ ಸುದ್ದಿ ಬಂದ ದಿನ ನಮ್ಮ ಜಗಲಿಯಲ್ಲಿ ಯಾರೂ ಮಾತಾಡಲಿಲ್ಲ. ಅಪ್ಪಯ್ಯ ರೇಡಿಯೋ ಆರಿಸಿ ಒಳಗೆ ಹೋದರು. ಒಂದೇ ದಿನದ ಅಂತರ. ತ್ರಿಶೂಲ್ ಬಂತು, ಖುಕ್ರಿ ಬರಲಿಲ್ಲ.

ಈಗ ಮೊಮ್ಮಗನ ಪ್ರಶ್ನೆ ಇನ್ನೂ ಬಾಕಿ. ಮುಳುಗಿಸದ ಮೇಲೆ ಅದು ಮಾಡಿದ್ದೇನು? ಇದಕ್ಕೆ ನಾನು ಹಡಗು ಬಿಟ್ಟು ತೀರ್ಥಹಳ್ಳಿಗೆ ಹೋಗಬೇಕಾಯಿತು.

ತೀರ್ಥಹಳ್ಳಿಯಲ್ಲಿ ಕೆಲಸ ಮಾಡುತ್ತಿದ್ದಾಗ ಶಿವಮೊಗ್ಗದಿಂದ ನಮ್ಮ ಶಾಖೆಗೆ ನಗದು ತರಲು ಹೋಗುತ್ತಿದ್ದೆವು. ಬಾಡಿಗೆ ಕಾರಿನಲ್ಲಿ ಕ್ಯಾಷಿಯರ್, ನಾನು, ಕಬ್ಬಿಣದ ಪೆಟ್ಟಿಗೆ, ಮತ್ತು ಕೋವಿ ಹಿಡಿದ ಗಾರ್ಡ್. ಗಾರ್ಡ್ ಭೂಸೇನೆಯಿಂದ ನಿವೃತ್ತರಾಗಿ ಬಂದವರು, ಮಾತು ಕಡಿಮೆ. ಒಂದು ಜುಲೈ ತಿಂಗಳ ಸಂಜೆ, ಮಂಡಗದ್ದೆ ದಾಟಿದ ಮೇಲೆ ರಸ್ತೆಗೆ ಮರ ಬಿದ್ದಿತ್ತು. ಹಿಂದೆ ತಿರುಗಿಸೋಣ ಎಂದರೆ ಅಲ್ಲೂ ಒಂದು ಬಿತ್ತು. ಆ ಮಳೆ ನಿಮಗೆ ಗೊತ್ತು. ರಾತ್ರಿಯಿಡೀ ಕಾರಿನಲ್ಲೇ. ಕ್ಯಾಷಿಯರು ಗೊರಕೆ ಹೊಡೆದರು. ನಾನೂ ಪೆಟ್ಟಿಗೆಗೆ ಕಾಲು ತಾಗಿಸಿಕೊಂಡು ನಿದ್ದೆ ಹೋದೆ. ಎಚ್ಚರವಾದಾಗಲೆಲ್ಲ ನೋಡುತ್ತೇನೆ, ಗಾರ್ಡ್ ಕಂಬಳಿ ಕೊಪ್ಪೆ ಹಾಕಿಕೊಂಡು ಹೊರಗೆ ನಿಂತಿದ್ದಾರೆ. “ನೀವು ಮಲಗಿ ಸಾರ್” ಎಂದರು, ಅಷ್ಟೆ. ಬೆಳಿಗ್ಗೆ ಊರಿನವರು ಮರ ಕಡಿದು ದಾರಿ ಮಾಡಿಕೊಟ್ಟರು. ಶಾಖೆಗೆ ಬಂದಾಗ ಮ್ಯಾನೇಜರ್ ಕೇಳಿದ ಮೊದಲ ಮಾತು, “ಕ್ಯಾಷ್ ಸರಿಯಾಗಿದೆಯಾ?” ಎಣಿಸಿದೆವು. ಸರಿಯಾಗಿತ್ತು. ರಿಜಿಸ್ಟರ್‌ನಲ್ಲಿ ಸಹಿ ಹಾಕಿದೆವು. ಗಾರ್ಡ್ ಅವರಿಗೆ ತಿಂಡಿ ಆಯಿತೇ ಎಂದು ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಅವರ ಬೂಟಿನಿಂದ ನೀರು ಇಳಿದು ಬಾಗಿಲ ಬಳಿ ನಿಂತದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಆ ರಾತ್ರಿಯ ಲೆಕ್ಕ ಬ್ಯಾಂಕಿನ ಪುಸ್ತಕದಲ್ಲಿ ಒಂದೇ ಸಾಲು: ಇಷ್ಟು ಹೊರಟಿತು, ಇಷ್ಟು ಬಂತು, ವ್ಯತ್ಯಾಸ ಇಲ್ಲ. ಕರಾಚಿಯಿಂದ ಬಂದ ಮೇಲೆ ತ್ರಿಶೂಲ್‌ನ ಲೆಕ್ಕವೂ ಅದೇ ಎಂದೆ. ಮೂರು ಹೊರಟವು, ಮೂರು ಬಂದವು.

ಮೊಮ್ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ, “ಗಾರ್ಡ್ ಅಜ್ಜ ಈಗ ಎಲ್ಲಿದ್ದಾರೆ?” ತೀರಿಹೋಗಿ ಬಹಳ ವರ್ಷವಾಯಿತು ಎಂದೆ.

ಹಡಗಿಗೂ ವಯಸ್ಸಾಯಿತು. ತ್ರಿಶೂಲ್ ಸೇವೆಯಿಂದ ಹೊರಗೆ ಹೋಯಿತು. ಆದರೆ ನೌಕಾಪಡೆಯಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ, ನಮ್ಮ ಮನೆಗಳಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರು ಇಡುವ ಹಾಗೆ. 2003ರಲ್ಲಿ ರಷ್ಯಾದಲ್ಲಿ ಕಟ್ಟಿದ ಹೊಸ ಫ್ರಿಗೇಟ್ ಒಂದಕ್ಕೆ ತ್ರಿಶೂಲ್ ಎಂದೇ ಹೆಸರಿಟ್ಟರು. ತಲ್ವಾರ್ ಎಂಬುದೂ ಮತ್ತೆ ಹುಟ್ಟಿತು. ಇನ್ನು ಅಂಜದೀವ್? 2005ರಲ್ಲಿ ಕಾರವಾರದಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಆರಂಭವಾಯಿತು. ಅಲೆ ತಡೆಯಲು ಸಮುದ್ರಕ್ಕೆ ಕಲ್ಲು ತುಂಬಿ ಗೋಡೆ ಕಟ್ಟಿ ದ್ವೀಪವನ್ನು ದಡಕ್ಕೇ ಜೋಡಿಸಿದ್ದಾರೆ. ಒಂದು ಕಾಲದಲ್ಲಿ ಹಡಗಿಗೆ ಗುಂಡು ಹೊಡೆದ ಗುಡ್ಡ ಈಗ ಹಡಗುಗಳಿಗೆ ಅಲೆ ಬಡಿಯದಂತೆ ಅಡ್ಡ ನಿಂತಿದೆ.

ಭಾಷಣ ಸ್ಪರ್ಧೆ ಮುಗಿಯಿತು. ಸಂಜೆ ಮೊಮ್ಮಗ ಬ್ಯಾಗು ಬಿಸಾಕಿ ಬಂದು ಕೂತ. ಮುಖ ನೋಡಿಯೇ ಬಹುಮಾನ ಇಲ್ಲ ಎಂದು ಗೊತ್ತಾಯಿತು. ಅಜ್ಜಿ ತೊಡೆದೇವು ಕೊಟ್ಟ ಮೇಲೆ ಬಾಯಿ ಬಿಟ್ಟ.

“ಅಂಜದೀವ್ ಹೇಳೋದ್ರಲ್ಲೇ ಬೆಲ್ ಹೊಡೆದುಬಿಟ್ರು ಅಜ್ಜ. ಕರಾಚಿಗೆ ಹೋಗಲೇ ಇಲ್ಲ.”

“ಪಾಪ. ಅರ್ಧಕ್ಕೇ ನಿಂತಿತಾ ಹಾಗಾದರೆ?”

“ಇಲ್ಲ. ಉಳಿದಿದ್ದು ಆಟೋದಲ್ಲಿ ಎಲ್ಲರಿಗೂ ಹೇಳಿದೆ. ರಾಡಾರ್ ನಿಂತುಹೋದಲ್ಲಿಗೆ ಬಂದಾಗ ನಮ್ಮ ಮನೆ ಬಂದುಬಿಡ್ತು. ಆಟೋ ಮಾವ ಗೇಟಿನ ಹತ್ತಿರ ಎಂಜಿನ್ ಆರಿಸಿ, ‘ಆಮೇಲೆ ಏನಾಯ್ತು, ಮೂರೂ ವಾಪಸ್ ಬಂದ್ವಾ?’ ಅಂತ ಕೇಳಿದ್ರು.”